ಗೊಂಬೆಯ ಹೊಟ್ಟೆಯ ಕಿಂಡಿ

ಕುಣಿಯುವ ಗೊಂಬೆಯ ಹೊಟ್ಟೆಯಲ್ಲಿ ಒಂದು ಕಿಂಡಿ ಇರುತ್ತದೆ. ಅಂಗೈಯಷ್ಟಗಲದ ತೂತು, ಅದಕ್ಕೆ ಸೊಳ್ಳೆಪರದೆಯ ತುಂಡೊಂದನ್ನು ಹೊಲಿದಿರುತ್ತಾರೆ. ಹೊರಗೆ ನಿಂತವರಿಗೆ ಅದು ಸೀರೆಯ ನೆರಿಗೆಗಳ ನಡುವಿನ ಕಪ್ಪು ಕಲೆ. ಒಳಗಿರುವವನಿಗೆ ಗಾಳಿ, ಬೆಳಕು, ದಾರಿ ಎಲ್ಲವೂ ಅದೇ. ಹತ್ತಡಿ ಎತ್ತರದ ಬಿದಿರಿನ ಹೆಣ್ಣುಗೊಂಬೆಯನ್ನು ಹೆಗಲಿಗೆ ಬಿಗಿದುಕೊಂಡು, ಬೆಂಗಳೂರಿನ ಹಬ್ಬಗಳಿಗೆ ಬಂದುಹೋಗುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತ ಅಲ್ಲಾವುದ್ದೀನ ನದಾಫ ಮೂರು ತಿಂಗಳು ಕಳೆದಿದ್ದ. ಅವನು ಹುಡುಕುತ್ತಿದ್ದದ್ದು ತನ್ನ ಮಗಳನ್ನು. ಆ ಮಗಳು ಸತ್ತು ನಾಲ್ಕು ವರ್ಷವಾಯಿತೆಂದು ರಾಮದುರ್ಗದಲ್ಲಿ ಎಲ್ಲರೂ ನಂಬಿದ್ದರು. ನಂಬಿಸಿದವನು ಅವನೇ.

ಅರಳೆ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು. ಕಟಕೋಳ, ಸಾಲಹಳ್ಳಿ, ಸವದತ್ತಿ ಎಂದು ಹೆಗಲಮೇಲೆ ಹಿಂಜುವ ಬಿಲ್ಲು ಹೊತ್ತು ತಿರುಗಿದವನು. ಅವನು ಹೊಲಿದ ಗಾದಿಯ ಮೇಲೆ ಎಷ್ಟೋ ಮದುಮಕ್ಕಳು ಸಂಸಾರ ಹೂಡಿದ್ದರು. ತನ್ನ ಒಬ್ಬಳೇ ಮಗಳು ಫಿರದೋಸಳಿಗಾಗಿ ಎಲ್ಲಕ್ಕಿಂತ ಮೆತ್ತಗಿನದೊಂದನ್ನು ಹೊಲಿದಿಟ್ಟಿದ್ದ. ಮದುವೆಗೆ ಎರಡು ದಿನವಿದೆ ಎನ್ನುವಾಗ, ಮೈಗೆ ಹಚ್ಚಿದ ಅರಿಶಿನ ಆರುವ ಮೊದಲೇ, ಅವಳು ಸವದತ್ತಿಯ ಬಸ್ ನಿಲ್ದಾಣದಲ್ಲಿ ಯಾವುದೋ ಬಸ್ಸು ಹತ್ತಿ ಹೊರಟುಹೋದಳು. ಯಾರ ಜೊತೆಗೂ ಓಡಿಹೋಗಲಿಲ್ಲ. ಅದೇ ಅವನಿಗೆ ಹೆಚ್ಚು ಉರಿಯಿತು. ಹುಡುಗನೊಬ್ಬನಿದ್ದಿದ್ದರೆ ಬೈಯಲು ಒಂದು ಹೆಸರಾದರೂ ಸಿಗುತ್ತಿತ್ತು.

ಬೀಗರಿಗೆ, ಮಗಳಿಗೆ ಜ್ವರವೇರಿ ಮಿರಜಿನ ಆಸ್ಪತ್ರೆಗೆ ಒಯ್ದಿದ್ದೇವೆ ಎಂದು ಹೇಳಿಕಳಿಸಿದ. ವಾರ ಕಳೆದ ಮೇಲೆ, ತೀರಿಹೋದಳು, ಮಣ್ಣನ್ನೂ ಅಲ್ಲೇ ಕೊಟ್ಟೆವು ಎಂದ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಇವನ ಸುಳ್ಳಿಗೆ ಹೊಟ್ಟೆಯಿತ್ತು, ಅದಕ್ಕೆ ಉಣಿಸಬೇಕಾಯಿತು. ನಲವತ್ತನೆಯ ದಿನ ಫಾತಿಹಾ ಓದಿಸಿ ಓಣಿಗೆಲ್ಲ ಊಟ ಹಾಕಿಸಿದ. ಹೆಂಡತಿ ಬೇಗಂಬಿ, ಎಲ್ಲೋ ಉಸಿರಾಡುತ್ತಿರುವ ಮಗಳ ಸಾವಿನ ಅನ್ನವನ್ನು ತಾನೇ ಒಲೆಯ ಮುಂದೆ ನಿಂತು ಬೇಯಿಸಿದಳು. ತಾನೊಂದು ತುತ್ತೂ ಉಣ್ಣಲಿಲ್ಲ.

ಹೋದ ಆಗಸ್ಟಿನಲ್ಲಿ ಸಾಲಹಳ್ಳಿಯ ಶಾಕೀರ ಬಂದ. ಬೆಂಗಳೂರಿಗೆ ಉಳ್ಳಾಗಡ್ಡಿಯ ಲಾರಿ ಒಯ್ಯುವ ಚಾಲಕ. ನಲವತ್ತರ ಊಟವನ್ನು ಹೊಟ್ಟೆತುಂಬ ಉಂಡು ಹೋದವನು. ಅಂಗಳದಲ್ಲಿ ಕುಳಿತು, ಕೊಟ್ಟ ಚಹ ಮುಟ್ಟದೆ ಮಾತು ತೆಗೆದ.

"ಕಾಕಾ, ಬೈಬ್ಯಾಡ್ರಿ. ಲಾರಿ ಖಾಲಿ ಆಗೂತನಕ ಲಾಲ್‌ಬಾಗಿನ ಹೂವಿನ ಪ್ರದರ್ಶನ ನೋಡಾಕ ಹೋಗಿದ್ದೆ. ಅಲ್ಲಿ ಮಂದ್ಯಾಗ ಒಬ್ಬಾಕಿ... ಥೇಟ್ ನಿಮ್ಮ ಫಿರದೋಸ್. ಬಗಲಾಗ ಒಂದು ಕೂಸು. ನಾ ಹೆಸರ ಹಿಡದು ಕೂಗಿದೆ. ತಿರುಗಿ ನೋಡಿದ್ಲು ಕಾಕಾ! ನೋಡಿ ಗಪ್ಪನ ಮಂದ್ಯಾಗ ಹೊಕ್ಕಳು. ಮೂರು ದಿನ ನನಗ ನಿದ್ದಿ ಇಲ್ಲ. ದೆವ್ವ ಅನ್ನಾಕ ಹಾಡೇ ಹಗಲು."

"ಹೋಲಿಕಿ ಇರ್ತಾವಪಾ," ಎಂದ ಅಲ್ಲಾವುದ್ದೀನ. "ಒಂದು ತಾಯತ ಕಟ್ಟಿಸ್ಕೋ ಹೋಗು."

ಬಾಗಿಲ ಪರದೆಯ ಹಿಂದೆ ಬೇಗಂಬಿ ನಿಂತಿದ್ದಳು. ಆಗಲೇ ಅವಳ ಹೊಟ್ಟೆಯಲ್ಲಿ ಗಂಟೊಂದು ಬೆಳೆಯುತ್ತಿತ್ತು. ಬೈಲಹೊಂಗಲದ ವೈದ್ಯರು ನೋಡಿ ಬೆಳಗಾವಿಗೆ ಕಳಿಸಿದ್ದರು. ಬೆಳಗಾವಿಯವರು, ಇನ್ನು ಮನೆಯಲ್ಲೇ ಇಟ್ಟು ಅವಳು ಬೇಡಿದ್ದನ್ನು ಕೊಡಿ ಎಂದು ತಿರುಗಿ ಕಳಿಸಿದ್ದರು. ಶಾಕೀರ ಹೋದ ಮೇಲೆ ಅವಳು ಬೇಡಿದ್ದು ಒಂದೇ.

"ಅಕಿ ಮುಖಾ ತೋರಸ್ರಿ ನನಗ. ಹೂಳಿದವ್ರು ನೀವು. ನೀವಽ ತಗೀರಿ."

ತೆಗೆಯುವುದು ಹೇಗೆ? ಸತ್ತವಳು ಕಾಣೆಯಾಗಿದ್ದಾಳೆಂದು ಠಾಣೆಯಲ್ಲಿ ಬರೆಸಲು ಬರುವುದಿಲ್ಲ. ಅವಳ ಫೋಟೊ ಹಿಡಿದು, ಇವಳನ್ನು ಕಂಡಿರಾ ಎಂದು ಬೀದಿಯಲ್ಲಿ ಕೇಳಿದರೆ ಮಾತು ರಾಮದುರ್ಗ ಮುಟ್ಟಲು ಒಂದು ದಿನ ಸಾಕು. ಅವಳನ್ನು ಹುಡುಕಬೇಕು, ಹುಡುಕುತ್ತಿರುವುದು ಯಾರಿಗೂ ಕಾಣಬಾರದು. ಈ ಗಂಟನ್ನು ಬಿಡಿಸಲಾಗದೆ ಹಣ್ಣಾಗುತ್ತಿದ್ದ ಹೊತ್ತಿಗೆ, ಅಕ್ಟೋಬರಿನಲ್ಲಿ ಕಿತ್ತೂರಿನ ಉತ್ಸವದ ಮೆರವಣಿಗೆಯಲ್ಲಿ ಗೊಂಬೆಗಳನ್ನು ಕಂಡ. ಸಾವಿರ ಜನ ಗೊಂಬೆಯ ಮುಖ ನೋಡುತ್ತಿದ್ದರು. ಒಳಗಿನವನೊಬ್ಬ ಸಾವಿರ ಜನರ ಮುಖ ನೋಡುತ್ತಿದ್ದ.

ಮೇಳದ ಯಜಮಾನ ಬೈಲಹೊಂಗಲದ ಬಸವಲಿಂಗ. ಸೀಜನ್ ಬಂತೆಂದರೆ ಬೆಂಗಳೂರಿನಲ್ಲಿ ಪ್ರವಾಸಿಗಳಿಗಾಗಿ ನಡೆಯುವ ಹಬ್ಬ, ಪರಿಷೆ, ಪ್ರದರ್ಶನಗಳಿಗೆಲ್ಲ ಅವನ ಗೊಂಬೆಗಳು ಹೋಗುತ್ತಿದ್ದವು. ಅಲ್ಲಾವುದ್ದೀನನ ಹೆಗಲನ್ನು ಮುಟ್ಟಿ ನೋಡಿದ.

"ಹೆಗಲ ಚೊಲೋ ಅದಾವ. ವಯಸ್ಸ ಆಗೇತಿ, ಆದ್ರ ಗಿಡ್ಡ ಅದೀ. ರಾಣಿ ಗೊಂಬಿಗೆ ಸರಿ ಹೊಂದತೀ. ಒಂದು ಮಾತು ನೆಪ್ಪಿರಲಿ. ಒಳಗಿದ್ದವ ಮಾತಾಡಬಾರದು. ಮಾತಾಡಿದ್ರ ಅದು ಗೊಂಬಿ ಅಲ್ಲ, ಬುಟ್ಟಿ ಹೊತ್ತ ಮನಶ್ಯಾ. ಮನ್ಯಾಗ ಯಾರ ಅದಾರ?"

"ಹೇಣ್ತಿ ಅದಾಳ್ರಿ. ಮಗಳೊಬ್ಬಾಕಿ ಇದ್ಲು. ತೀರಿಹೋದ್ಲು."

ಬಸವಲಿಂಗನ ಮುಖ ಮೆತ್ತಗಾಯಿತು. ಅಂದಿನಿಂದ ಊಟಕ್ಕೆ ಕುಳಿತಾಗ ತನ್ನ ಎಲೆಯ ಪಕ್ಕದಲ್ಲಿಯೇ ಅವನಿಗೆ ಜಾಗ ಕೊಟ್ಟ. ಅಲ್ಲಾವುದ್ದೀನ ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದ.

ಕಾರ್ತಿಕದ ಕಡಲೆಕಾಯಿ ಪರಿಷೆಯಲ್ಲಿ ಅವಳು ಕಾಣಲಿಲ್ಲ. ಡಿಸೆಂಬರಿನ ಕೊನೆಯಲ್ಲಿ, ಕ್ರಿಸ್‌ಮಸ್ಸಿಗೆಂದು ವಾಹನ ಸಂಚಾರ ನಿಲ್ಲಿಸಿ ತೋರಣ ಕಟ್ಟಿದ ಬೀದಿಯಲ್ಲಿ, ಕೆಂಪು ಟೊಪ್ಪಿಗೆಯ ಜನಸಾಗರದಲ್ಲಿ, ಹನ್ನೊಂದು ಸಲ ಅವಳೇ ಎಂದುಕೊಂಡು ಹನ್ನೊಂದು ಸಲವೂ ಮೋಸಹೋದ. ಬೇಗಂಬಿಗೆ ಫೋನು ಮಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ, ಇವನದು ಒಂದೇ ಉತ್ತರ: ಸೀಜನ್ ಇನ್ನೂ ಮುಗಿದಿಲ್ಲ. ಜನವರಿಗೆ ಅವಳ ದನಿ ತೆಳ್ಳಗಾಗಿತ್ತು. ಫೋನನ್ನು ಈಗ, ಬೇಗಂಬಿ ತನ್ನ ಗುಟ್ಟು ಹೇಳಿಕೊಂಡಿದ್ದ ನೆರೆಮನೆಯ ಮಥುರಾಬಾಯಿ ಎತ್ತಿ ಅವಳ ಕಿವಿಗೆ ಹಿಡಿಯುತ್ತಿದ್ದರು. "ಎರಡು ದಿನಾ ಆತು, ಗಂಜಿನೂ ಒಲ್ಲೆ ಅಂತಾಳ್ರಿ," ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದ್ದರು.

ಲಾಲ್‌ಬಾಗಿನಲ್ಲಿ ಜನವರಿಯ ಹೂವಿನ ಪ್ರದರ್ಶನದ ಭಾನುವಾರ ಬಂತು. ಬಿಸಿಲು ನೆತ್ತಿ ದಾಟಿತ್ತು. ಪರರಾಜ್ಯದವರು, ಪರದೇಶದವರು, ಶಾಲೆಯ ಮಕ್ಕಳು, ಕೈಯಲ್ಲಿ ಸಸಿಯ ಕುಂಡ ಹಿಡಿದ ಮುದುಕಿಯರು, ಎಲ್ಲರೂ ರಾಣಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಗಾಜಿನ ಮನೆಯ ಕಡೆಗೆ ಸಾಗುತ್ತಿದ್ದರು. ವಾದ್ಯದವರು ಚಹ ಕುಡಿಯಲು ಹೋದರು. ಗೊಂಬೆಗಳೆರಡೂ ಮರದ ನೆರಳಿನಲ್ಲಿ ನಿಂತವು. ಜೋಡಿಯ ರಾಜಗೊಂಬೆಯ ಒಳಗಿದ್ದ ಕಾಂತೇಶ ಪಿಸುಗುಟ್ಟಿದ:

"ಏನ ರಾಣಿಸಾಹೇಬ್ರ, ಬಾಳ ಬೆವತೀರಿ? ನಿಮ್ಮ ಸೌಂದರ್ಯಕ್ಕ ನಮ್ಮ ರಾಜಾ ಎದಿ ಬಿದಿರು ಸೀಳಿಸ್ಕೊಂಡ ನಿಂತಾನು."

"ಬಾಯಿ ಮುಚ್ಚೋ ಹುಚ್ಚ. ಬಸವಲಿಂಗಣ್ಣ ಕೇಳ್ಯಾನು."

"ಕೇಳಲಿ. ನಾ ಒಂದಿಷ್ಟು ಕುಂತು ಬರತೇನಿ," ಎಂದು ಕಾಂತೇಶ ರಾಜನನ್ನು ಮರಕ್ಕೆ ಒರಗಿಸಿ, ಕೆಳಗಿನಿಂದ ನುಸುಳಿ ಹೋದ.

ಆಗ ಮೊದಲು ಬಂದದ್ದು ದನಿ.

"ಹೆದರಬ್ಯಾಡ ಅಂಬರೀನ. ಗೊಂಬಿ ಅದು. ನೋಡಿಲ್ಲೆ, ಬಳಿ ಎಷ್ಟ ಚೆಂದ ಅದಾವ."

ಬೆಂಗಳೂರಿನ ನಟ್ಟನಡುವೆ ರಾಮದುರ್ಗದ ಮಾತು. ಕಿಂಡಿಯ ಮುಂದೆ ಎರಡು ವರ್ಷದ ಮಗುವಿನ ಮುಖ, ಅದರ ಪಕ್ಕದಲ್ಲಿ ಅದನ್ನು ಬಗಲಲ್ಲಿ ಎತ್ತಿಕೊಂಡವಳ ಮುಖ. ಕೆನ್ನೆ ಇಳಿದಿತ್ತು, ಕಣ್ಣಿನ ಕೆಳಗೆ ಕಪ್ಪು ಸೇರಿತ್ತು. ಹುಬ್ಬು ಬೇಗಂಬಿಯದೇ. ಅಲ್ಲಾವುದ್ದೀನ ಕಿಂಡಿಗೆ ಮುಖ ಒತ್ತಿದ, ಗೊಂಬೆ ಒಮ್ಮೆ ತೂಗಿತು.

"ಫಿರದೋಸ್... ನಾನವ್ವಾ."

ಅವಳು ಹಿಂದೆ ಸರಿದಳು. ಓಡಲಿಲ್ಲ. ಮಗುವಿಗೆ ಬಳೆ ತೋರಿಸುವವಳಂತೆ ಮತ್ತೆ ಹತ್ತಿರ ಬಂದು ಕಿಂಡಿಯೊಳಗೆ ನೋಡಿದಳು.

"ಅಪ್ಪಾ? ಇದೇನು ವೇಷ?"

"ನಿನ್ನ ಹುಡುಕಾಕ ಇದನ್ನ ಹೊತ್ತೇನಿ. ನಿಮ್ಮವ್ವಗ ಆರಾಮಿಲ್ಲ. ಬಾಳ ದಿನಾ ಇಲ್ಲ ಅಂದಾರ. ನಿನ್ನ ಮುಖಾ ನೋಡಬೇಕಂತ ಜೀವಾ ಹಿಡಕೊಂಡಾಳ. ಬಾ ನನ್ನವ್ವಾ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. "ಬಂದು ಎಲ್ಲಿ ಇಳೀಲಿ? ಯಾರಂತ ಹೇಳಲಿ? ಎರಡು ತಿಂಗಳಿಗೇ ನಾ ತಿರುಗಿ ಬರಾಕ ನಿಂತಿದ್ದೆ ಅಪ್ಪಾ. ಕಾಲಿಗೆ ಬಿದ್ದು ತಪ್ಪಾತು ಅನ್ನೂಣು ಅಂತ ಚೀಲಾ ಕಟ್ಟಿದ್ದೆ. ಮೊದಲ ರೇಣುಗ ಫೋನು ಮಾಡಿದೆ, ನನ್ನ ಜೋಡಿ ಸಾಲಿ ಕಲತಾಕಿ. ನನ್ನ ದನಿ ಕೇಳಿ ಚಿಟ್ಟನ ಚೀರಿದ್ಲು. ಆಮ್ಯಾಲೆ ಅಳಕೋತ ಹೇಳಿದ್ಲು, ನಿನ್ನ ನಲವತ್ತರ ಊಟಾ ಮೊನ್ನೆರ ಉಂಡು ಬಂದೇನಿ ಅಂತ."

ಗೊಂಬೆಯೊಳಗೆ ಗಾಳಿಯೇ ಇಲ್ಲವೆನಿಸಿತು. ಎರಡು ತಿಂಗಳು. ಆ ಊಟವನ್ನು ಇಪ್ಪತ್ತು ದಿನ ತಡೆದಿದ್ದರೆ ಮಗಳೇ ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಒಂದಽ ರಾತ್ರಿ ಬಾ," ಎಂದ ಅವನು ಗಡಬಡಿಸಿ. "ಬುರಖಾ ಹಾಕ್ಕೊಂಡು ಬಾ. ಕತ್ತಲಾದ ಮ್ಯಾಲೆ ಕರಕೊಂಡು ಹೋಗತೇನಿ, ಮುಂಜಾನಿ ಹೊತ್ತು ಹೊಂಡೂದ್ರಾಗ ತಿರುಗಿ ಬಸ್ ಹತ್ತಸತೇನಿ. ಒಬ್ಬರಿಗೂ ತಿಳಿಯೂದಿಲ್ಲ."

ಮಗು ಗೊಂಬೆಯ ಗಾಜಿನ ಬಳೆಗಳನ್ನು ಎಳೆಯುತ್ತಿತ್ತು.

"ಅಂದ್ರ ಸತ್ತಾಕೀನಽ ಬರಬೇಕು," ಎಂದಳು ಅವಳು, ಮಗುವಿನ ಕೈ ಬಿಡಿಸುತ್ತ. "ಅಪ್ಪಾ, ಅವ್ವನ ಸಲುವಾಗಿ ನಾ ಈಗಿಂದೀಗಽ ಬರತೇನಿ. ಮನಿಗೂ ಹೋಗೂದಿಲ್ಲ, ಈ ಕೂಸಿನ್ನ ಎತ್ಕೊಂಡು ನೆಟ್ಟಗ ಬಸ್ ಹತ್ತತೇನಿ. ನೀವು ಒಂದು ಕೆಲಸಾ ಮಾಡ್ರಿ. ರಾಮದುರ್ಗಾ ದೂರ ಉಳೀತು; ಇಲ್ಲೇ ನಿಮ್ಮ ಮೇಳದವ್ರು ಅದಾರಲ್ಲ, ಅವರ ಮುಂದ ಒಮ್ಮೆ ಅನ್ರಿ. ಇಕಿ ನನ್ನ ಮಗಳು ಅಂತ. ಅಷ್ಟಽ."

ಇದಕ್ಕಿಂತ ಸಣ್ಣ ಬೇಡಿಕೆಯನ್ನು ಯಾವ ಮಗಳೂ ಯಾವ ತಂದೆಯ ಮುಂದೆಯೂ ಇಟ್ಟಿರಲಾರಳು. ಅಲ್ಲಾವುದ್ದೀನನಿಗೆ ಅದು ಗೊತ್ತಿತ್ತು. ಹೂಂ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬಸವಲಿಂಗ ಚಹದ ಲೋಟ ಹಿಡಿದು ಮರದ ಆಚೆಯಿಂದ ಬಂದ. ಗೊಂಬೆಯ ಮುಂದೆ ನಿಂತ ಹೆಂಗಸನ್ನು ನೋಡಿದ, ಗೊಂಬೆಯನ್ನು ನೋಡಿದ.

"ಯಾರ ಜೋಡಿ ಮಾತಾಡಾಕತ್ತಿಯೋ ಅಲ್ಲಾವುದ್ದೀನ?"

"ಯಾರೂ ಅಲ್ರಿ," ಎಂದಿತು ಗೊಂಬೆ. "ಯಾರೋ ದಾರಿ ಕೇಳಿದ್ರು."

ಆ ಮಾತನ್ನು ಅವನು ಆಡಲಿಲ್ಲ ಎಂದೇ ಅವನಿಗನ್ನಿಸಿತು. ನಾಲ್ಕು ವರ್ಷ ಹಗಲಿರುಳು ತಿದ್ದಿ ಕಲಿಸಿದ ನಾಲಿಗೆ, ತನ್ನ ಒಡೆಯನಾದ ಅವನ ಅಪ್ಪಣೆಗೂ ಕಾಯದೆ ತಾನಾಗಿ ಹೊರಳಿತ್ತು. ಕಿಂಡಿಯಲ್ಲಿ ಫಿರದೋಸಳ ಮುಖ ಇನ್ನೂ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ, ದೂರದ ಊರಿನ ವಿಳಾಸ ಹುಡುಕಿಕೊಂಡು ಬಂದು, ಮನೆಗೆ ಬೀಗ ಕಂಡವರ ಮುಖದಲ್ಲಿ ಇರುವಂಥದ್ದು ಏನೋ ಇತ್ತು. ಬಸವಲಿಂಗನ ಕಡೆಗೆ ತಿರುಗಿ, "ಹೌದ್ರಿ, ಹೊರಗ ಹೋಗೂ ದಾರಿ ಕೇಳಿದೆ," ಎಂದಳು.

"ಹಿಂಗಽ ನೆಟ್ಟಗ ಹೋಗವಾ, ಗೇಟ್ ಬರ್ತೈತಿ," ಎಂದ ಅವನು, ಮರ್ಯಾದೆಯಿಂದ.

ಅವಳು ಹೋದಳು. ತಾಯಿಯ ಹೆಗಲಮೇಲಿನಿಂದ ಮಗು ರಾಣಿಗೆ ಕೈ ಬೀಸಿತು.

"ಬಿಚ್ಚ್ರಿ! ಹಗ್ಗಾ ಬಿಚ್ಚ್ರಿ!" ಎಂದು ಅಲ್ಲಾವುದ್ದೀನ ಆಗ ಕೂಗಿದ. "ನನ್ನ ಮಗಳಾಕಿ! ನನ್ನ ಮಗಳು!" ರಾಣಿ ತೂರಾಡಿದಳು, ಎದುರಿನ ದಾಸವಾಳದ ಸಾಲಿನ ಮೇಲೆ ವಾಲಿದಳು. ಜನ ಇದೂ ಆಟದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಬಸವಲಿಂಗನೂ ಓಡಿ ಬಂದ ಕಾಂತೇಶನೂ ಹೆಗಲ ಕಟ್ಟು ಬಿಚ್ಚಿ ಗೊಂಬೆಯನ್ನು ಎತ್ತುವ ಹೊತ್ತಿಗೆ, ಅವಳು ಹೋದ ದಾರಿಯಲ್ಲಿ ಒಂದು ಸಾವಿರ ಜನ ನಡೆಯುತ್ತಿದ್ದರು. ಬರಿಗಾಲಲ್ಲಿ ಗೇಟಿನ ತನಕ ಓಡಿದ. ಮತ್ತೊಂದು ಗೇಟಿಗೆ ಓಡಿದ. ಹೆಸರು ಹಿಡಿದು ಕೂಗಿದ. ಈಗ ಯಾರು ಕೇಳಿದರೂ ಅವನಿಗೆ ಅಂಜಿಕೆಯಿರಲಿಲ್ಲ. ಕೇಳಬೇಕಾದವಳು ಕೇಳಲಿಲ್ಲ.

ಅವನು ತಿರುಗಿ ಬಂದಾಗ ಬಸವಲಿಂಗ ಅವನ ತಲೆಗೆ ನೀರು ಹಾಕಿದ. "ಬಿಸಲು ತಲಿಗೇರೇತಿ ಪಾಪ," ಎಂದ ಕಾಂತೇಶನಿಗೆ. "ಸತ್ತ ಮಗಳ ಹಂಬಲಾ. ಯಾರನ್ನೋ ನೋಡಿ ಅಕೀನಽ ಅನಿಸೇತಿ." ಅವಳು ಸತ್ತಿಲ್ಲ ಎಂದು ಅಲ್ಲಾವುದ್ದೀನ ಮೂರು ಸಲ ಹೇಳಿದ. "ಹೌದಪಾ, ಹೌದು," ಎಂದು ಅವರು ಅವನ ಬೆನ್ನು ಸವರಿದರು.

ಇಳಿಹೊತ್ತಿಗೆ ರಾಮದುರ್ಗಕ್ಕೆ ಫೋನು ಮಾಡಿದ. ಮಥುರಾಬಾಯಿ ಎತ್ತಿ ಬೇಗಂಬಿಯ ಕಿವಿಗೆ ಹಿಡಿದರು.

"ಸಿಕ್ಕಳೇನ್ರಿ?"

"ಸಿಕ್ಕಳು."

"ಖರೇನ? ಹ್ಯಾಂಗದಾಳ?"

"ಚೊಲೋ ಅದಾಳ. ಒಂದು ಕೂಸೈತಿ. ಅಂಬರೀನ ಅಂತ ಹೆಸರು."

"ಅಂಬರೀನ," ಎಂದಳು ಬೇಗಂಬಿ, ಬಾಯಲ್ಲಿಟ್ಟುಕೊಂಡು ರುಚಿ ನೋಡುವವಳಂತೆ. "ಬರ್ತಾಳೇನ್ರಿ?"

ಜನ ಹೂಕುಂಡಗಳನ್ನು ಎದೆಗವಚಿಕೊಂಡು ಬಸ್ಸಿನ ಕಡೆಗೆ ಹೊರಟಿದ್ದರು. ಅವನು ಕಣ್ಣು ಮುಚ್ಚಿಕೊಂಡ.

"ಬರ್ತಾಳ."

"ಮಥುರಾಬಾಯಿ," ಎಂದು ಅವಳು ಆ ಕಡೆ ಮುಖ ತಿರುಗಿಸಿ ಹೇಳುವುದು ಕೇಳಿಸಿತು, "ಒಂದೀಟು ಗಂಜಿ ಕಾಸ್ರಿ. ಉಣತೇನಿ. ಅಕಿ ಬರೂತನಕ ಕಣ್ಣು ಬಿಟ್ಕೊಂಡರ ಇರಬೇಕಲ್ಲ." ಆಮೇಲೆ ಮತ್ತೆ ಇವನಿಗೆ, ವರ್ಷಗಳಿಂದ ಕೇಳದಿದ್ದ ದನಿಯಲ್ಲಿ: "ಯಾವ ಬಸ್ಸಿಗೆ ಬರ್ತಾಳ್ರಿ?"