ಏಣಿ ನಿಲ್ಲುತ್ತಿದ್ದ ಜಾಗ

ಫುಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಗೂಟ ಎನ್ನುತ್ತಿದ್ದರು. ಮೀಸೆ ಮೂಡುವ ವಯಸ್ಸಿನಲ್ಲಿ ಎಡಬದಿಯ ರಕ್ಷಣೆಗೆ ನಿಂತವನು ಕೂದಲು ನರೆಯತೊಡಗಿದರೂ ಅಲ್ಲಿಂದ ಕದಲಿರಲಿಲ್ಲ. ದೊಡ್ಡ ಕ್ಲಬ್ಬುಗಳು ಕರೆದಾಗ "ಇಲ್ಲೇ ಚೆನ್ನಾಗಿದೆ" ಎಂದಿದ್ದ. "ಗೂಟ ಹೊಡ್ಕೊಂಡು ಕೂತಿದೀಯ ಸರಿ, ಹಗ್ಗ ಯಾರ ಕೈಲಿದೆ ಹೇಳು" ಎಂದು ಅಕ್ಕ ಫೋನಿನಲ್ಲಿ ಹಂಗಿಸುತ್ತಿದ್ದಳು.

ಜೊತೆಗೆ ಆಟ ಶುರುಮಾಡಿದವರೆಲ್ಲ ಒಬ್ಬೊಬ್ಬರಾಗಿ ಹೋಗಿದ್ದರು. ಹೋದ ವರ್ಷ ಗೋಲು ಕಾಯುವ ಗೋಲಿಯೂ ಬೇರೆ ಊರಿನ ಕ್ಲಬ್ಬಿಗೆ ಹೋದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಅವನಿಗೆ ಏಣಿ ಎಂದು ಹೆಸರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮೊಳೆ. ಈಗ ಏಣಿಯ ಮೊಳೆಗೆ ಹೊಸ ಗೋಲಿಯ ಚೀಲ ತೂಗುತ್ತಿತ್ತು. ಈಗಿನ ಆಟಗಾರರು ಗೂಟನಿಗೆ "ಅಣ್ಣ" ಎಂದು ಮರ್ಯಾದೆ ಕೊಡುತ್ತಿದ್ದರು. ಅವನು ಒಳಗೆ ಬಂದರೆ ಅವರ ತಮಾಷೆ ಅರ್ಧಕ್ಕೆ ನಿಲ್ಲುತ್ತಿತ್ತು.

ಏಣಿಯ ಎಡ ಮಂಡಿಯಲ್ಲಿ ಹಳೆಯ ಪೆಟ್ಟೊಂದಿತ್ತು. ಎಡಕ್ಕೆ ಥಟ್ಟನೆ ಓಡಲು ಆಗುತ್ತಿರಲಿಲ್ಲ. ಅದು ಗೂಟನೊಬ್ಬನಿಗೇ ಗೊತ್ತು. ಗೋಲಿಗೆ ಹಿಂದಕ್ಕೆ ಚೆಂಡು ಕೊಡುವಾಗ ಗೋಲುಕಂಬದ ಹೊರಗೆ ಕೊಡಬೇಕು, ಕೈತಪ್ಪಿದರೂ ಗೋಲಾಗಬಾರದು: ಇದು ಎಲ್ಲ ಕೋಚ್‌ಗಳು ಕಲಿಸುವ ಮೊದಲ ಪಾಠ. ಇವರಿಬ್ಬರು ಮಾತ್ರ ಅದನ್ನು ಮುರಿದಿದ್ದರು. ಎಡಕ್ಕೆ ಓಡಬೇಕಾಗದಂತೆ ಏಣಿ ಕಂಬದ ಒಳಗೇ ನಿಲ್ಲುತ್ತಿದ್ದ, ಗೂಟ ನೋಡದೆಯೇ ಅವನ ಬಲಗಾಲಿಗೆ ಉರುಳಿಸುತ್ತಿದ್ದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಋತುವಿನ ಕೊನೆಯ ಪಂದ್ಯದ ಬೆಳಿಗ್ಗೆ ಕೋಚ್ ಅವನನ್ನು ಪಕ್ಕಕ್ಕೆ ಕರೆದಿದ್ದರು. "ಇನ್ನೊಂದು ವರ್ಷ ಇಟ್ಕೋಬೇಕೋ ಬೇಡ್ವೋ, ಇವತ್ತು ನೋಡಿ ಹೇಳ್ತೀನಿ." ಗೂಟ ತಲೆಯಾಡಿಸಿದ. ಆ ಮೈದಾನ ಬಿಟ್ಟರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಪಂದ್ಯ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಎದುರಾಳಿಯೊಬ್ಬ ಗೂಟನ ಬೆನ್ನಿಗೆ ಬಿದ್ದ. ಈ ಋತುವಿಡೀ ನೋಡಿಕೊಂಡೇ ಹಿಂದಕ್ಕೆ ಕೊಡುತ್ತಿದ್ದ ಗೂಟ ಈಗ ತಲೆ ತಿರುಗಿಸದೆ, ಪಾದದ ಒಳಬದಿಯಿಂದ ಚೆಂಡನ್ನು ಹಿಂದಕ್ಕೆ ಸರಿಸಿದ. ವೇಗ ಹದವಾಗಿತ್ತು. ತಿರುಗಿ ನೋಡಿದರೆ, ಹೊಸ ಗೋಲಿ ಪಾಠದಂತೆಯೇ ಕಂಬದ ಹೊರಗೆ ಕಾಯುತ್ತಿದ್ದ. ಚೆಂಡು ಯಾವ ಅವಸರವೂ ಇಲ್ಲದೆ ಖಾಲಿ ಗೋಲಿನೊಳಗೆ ಹೋಗಿ ಬಲೆಗೆ ತಾಗಿತು.

ಚಲಿಸುವ ವಸ್ತು ತಡೆಯುವವರಿಲ್ಲದಿದ್ದರೆ ಚಲಿಸುತ್ತಲೇ ಇರುತ್ತದೆ. ಅಭ್ಯಾಸವೂ ಹಾಗೆಯೇ.

ಪಂದ್ಯ ಸೋತು ಕೋಣೆಗೆ ಬಂದಾಗ ಕೋಚ್ ಮೊದಲು ಹಿಡಿದದ್ದು ಹೊಸ ಗೋಲಿಯನ್ನು. "ಗೋಲು ಬಿಟ್ಟು ನೆಂಟರ ಮನೆಗೆ ಹೋಗಿದ್ಯೇನೋ?"

ಅವನು ತಲೆ ಎತ್ತಲಿಲ್ಲ. "ನಾನು ಕೂಗಿ ಹೇಳ್ಬೇಕಿತ್ತು ಸಾರ್."

ಗೂಟ ಸುಮ್ಮನಿದ್ದರೆ ಸಾಕಿತ್ತು. ಬೂಟಿನ ದಾರ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. "ಅವನು ನಿಂತಿದ್ದು ಸರಿಯಾಗೇ ಇತ್ತು. ತಪ್ಪು ನಂದು."

"ಇಷ್ಟು ವರ್ಷ ಆಡಿದೋನು ನೀನು. ಅಲ್ಲಿಗ್ಯಾಕೆ ಕೊಟ್ಟೆ?"

ಕಾರಣ ಹೇಳಿದರೆ ಮಂಡಿಯ ಮಾತು ಬರುತ್ತಿತ್ತು. ಈ ಕೋಣೆಯ ಮಾತು ಏಣಿಯ ಹೊಸ ಕ್ಲಬ್ಬಿಗೆ ತಲುಪಲು ಎರಡು ದಿನವೂ ಬೇಡ.

"ಕಣ್ಣು ಸ್ವಲ್ಪ ಮಂಜಾಗ್ತಿದೆ ಸಾರ್. ವಯಸ್ಸಾಯ್ತಲ್ಲ."

ಕೋಚ್ ಅವನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ನೀನೇ ಹಾಗಂದ್ಮೇಲೆ ನಾನೇನು ಹೇಳ್ಲಪ್ಪ" ಎಂದರು.

ಸಂಜೆ ಬಾಡಿಗೆ ಕೋಣೆಗೆ ಬಂದು ದೀಪ ಹಾಕುವಷ್ಟರಲ್ಲಿ ಫೋನ್ ಬಂತು. ಏಣಿ.

"ಟಿವಿಲಿ ನೋಡ್ದೆ ಕಣೋ."

"ಹೂಂ."

"ಚೆಂಡು ಚೆನ್ನಾಗೇ ಕೊಟ್ಟಿದ್ದೆ. ನಾನಿದ್ದಿದ್ರೆ ನೇರ ಕಾಲಿಗೇ ಬರ್ತಿತ್ತು."

"ಗೊತ್ತು."

"ಕೋಚ್ ಬೈದ್ರಾ?"

"ಇಲ್ಲ. ಮಂಡಿ ಹೇಗಿದೆ?"

ಏಣಿ ಪಿಸುಗುಟ್ಟಿದ. "ಹಾಗೇ ಇದೆ. ಇಲ್ಲಿ ಯಾರಿಗೂ ಗೊತ್ತಿಲ್ಲ."

ಅವನ ಹಿಂದೆ ಯಾರೋ ನಗುತ್ತ "ಬಾರೋ ಒಂಟೆ, ಎಲ್ಲಾ ಕಾಯ್ತಿದಾರೆ" ಎಂದು ಕೂಗಿದರು. ಅಲ್ಲಿ ಅವನಿಗೆ ಬೇರೆ ಹೆಸರಿತ್ತು.

"ಆಮೇಲೆ ಮಾಡ್ತೀನಿ ಕಣೋ," ಎಂದು ಏಣಿ ಫೋನ್ ಇಟ್ಟ.

ಗೂಟ ಚೀಲದಿಂದ ಬೂಟು ತೆಗೆದು, ಎಂದಿನಂತೆ ಅಡಿಯ ಮಣ್ಣನ್ನು ಕಡ್ಡಿಯಿಂದ ಕೆರೆಯತೊಡಗಿದ. ಎರಡನೆಯದಕ್ಕೆ ಬಂದಾಗ, ಇದು ಇನ್ನು ಬೇಕಾಗಿಲ್ಲವೆಂಬುದು ನೆನಪಾಯಿತು. ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ. ಆಮೇಲೆ ಅದನ್ನೂ ಕೆರೆದು ಮುಗಿಸಿದ.