ಅತ್ತೆಯ ಕಪ್ಪು

ನನಗೊಂದು ಸಣ್ಣ ಚಿಂತೆ, ಯಾರಿಗೂ ಹೇಳಿಲ್ಲ: ‘ಚೆನ್ನಾಗಿದೆ’ ಎಂಬ ಮಾತು ನನ್ನ ಬಾಯಿಂದ ತೀರಾ ಸಲೀಸಾಗಿ ಉದುರುತ್ತದೆ. ಪದವಿ ಮುಗಿಸಿ ಅತ್ತೆಯ ಅಚ್ಚಿನ ಕೋಣೆಗೆ ಸಹಾಯಕ್ಕೆ ಬಂದಾಗಿನಿಂದ ಅದನ್ನು ಎಷ್ಟು ಸಲ ಅಂದಿದ್ದೇನೋ.

ಅತ್ತೆ ಅಪ್ಪನ ಅಕ್ಕ. ಅವರ ಚಿತ್ರಗಳಲ್ಲಿ ಮರವಿಲ್ಲ, ಮುಖವಿಲ್ಲ. ಗೆರೆಗಳು, ಕಲೆಗಳು, ನಡುವೆ ಬಿಟ್ಟ ಬಿಳಿ. ಅಪ್ಪ ಬಂದಾಗಲೆಲ್ಲ ಗೋಡೆ ನೋಡಿ, “ಏನಕ್ಕಾ, ಮತ್ತೆ ಕಾಗೆಕಾಲು ಗುಬ್ಬಿಕಾಲು?” ಅನ್ನುತ್ತಾರೆ.

“ನಮ್ಮಪ್ಪನ ಗ್ಯಾರೇಜಿನ ನೆಲ ಕಣೋ. ನೀನು ತೆವಳಿದ್ದೂ ಅಲ್ಲೇ, ಗುರುತು ಸಿಗಲಿಲ್ವಾ?”

ತಮಾಷೆಯೊಳಗೆ ನಿಜವಿದೆ. ಎಣ್ಣೆ ಕುಡಿದ ಸಿಮೆಂಟು, ಸ್ಪ್ಯಾನರು ಎಳೆದ ಗೀರು, ಬಾಗಿಲ ಸಂದಿಯ ಬೆಳಕು: ಅತ್ತೆ ನೋಡಲು ಕಲಿತದ್ದು ಅಲ್ಲಿ. ಕಲಾಶಾಲೆ ಆಮೇಲೆ ಬಂತು. ಕ್ಯಾನ್ವಾಸುಗಳನ್ನು ಈಗ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದಾರೆ, ಬಣ್ಣ ಬೇಸರವಾಯಿತಂತೆ.

ಉಳಿದದ್ದು ಅಚ್ಚು. ತಗಡಿಗೆ ಮೇಣ ಸವರಿ ಸೂಜಿಯಿಂದ ಗೀರುತ್ತಾರೆ. ಆಸಿಡ್ಡಿನಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ಲೋಹ ಕರಗಿ ತಗ್ಗಾಗುತ್ತದೆ. ಮೇಣ ತೆಗೆದು ಆ ತಗ್ಗಿಗೆ ಮಸಿ ತುಂಬಿ, ಮೇಲಿನದನ್ನು ಅಂಗೈಯಿಂದ ಒರೆಸಿ, ಒದ್ದೆ ಕಾಗದ ಹಾಸಿ ಯಂತ್ರದ ಚಕ್ರ ತಿರುಗಿಸುವುದು ನನ್ನ ಪಾಲು. ಆಸಿಡ್ಡಿನಲ್ಲಿ ಇದ್ದಷ್ಟೂ ಗೆರೆ ಆಳ, ಕಪ್ಪು ಗಾಢ. ಮಿತಿ ಮೀರಿದರೆ ಗೆರೆಗಳೆಲ್ಲ ಒಂದಕ್ಕೊಂದು ಕುಸಿದು ಮಸಿಮುದ್ದೆ. ಕರಗಿದ ಲೋಹ ವಾಪಸು ಬರುವುದಿಲ್ಲ.

ಮೊದಲೆಲ್ಲ ಅತ್ತೆ ಹೊಸ ಅಚ್ಚನ್ನು ಕೈ ಚಾಚಿ ದೂರ ಹಿಡಿದು ನೋಡುತ್ತಿದ್ದರು. ಈಚೆಗೆ ಮೂಗಿಗೆ ತಾಗಿಸುತ್ತಾರೆ. ಹಸಿ ಮಸಿಯ ಮೇಲೆ ಬೆರಳಾಡಿಸಿ ಉಬ್ಬು ಹುಡುಕುತ್ತಾರೆ. ಹಿಂದಿನ ಎರಡು ತಗಡುಗಳನ್ನು ಮತ್ತೆ ಮತ್ತೆ ಮುಳುಗಿಸಿ ಹಾಳುಮಾಡಿ, “ಲೋಹವೇ ಸರಿಯಿಲ್ಲ” ಎಂದರು. ನಾನು ಹೂಂಗುಟ್ಟಿದೆ. ಅಮ್ಮನ ಬಳಿ ಬಾಯಿಬಿಟ್ಟರೆ, “ಅವರಿಗಿರೋದೇ ಅದೊಂದು. ನೀನು ಸುಮ್ನಿರು” ಎಂದಳು.

ಇಂದು ಮೂರನೆಯ ತಗಡು. ತಿಂಗಳುಗಟ್ಟಲೆ ಗೀರಿದ್ದು. ಮೊದಲ ಅಚ್ಚು ತೆಗೆದು ಕಿಟಕಿಗೆ ಹಿಡಿದೆ. ಕೂದಲೆಳೆಯಂಥ ಗೆರೆಗಳು, ದಟ್ಟ ಕಪ್ಪು, ನಡುವೆ ಆ ಬಾಗಿಲ ಸಂದಿಯ ಬೆಳಕು. ಒಣಹಾಕುವುದನ್ನೂ ಮರೆತು ನಿಂತೆ.

ಅತ್ತೆ ಕಾಗದ ಕಸಿದು ಮೂಗಿಗೆ ಹಿಡಿದರು. “ಎಲ್ಲಾ ಬೂದಿ ಬೂದಿ. ಕಪ್ಪೇ ಇಲ್ವಲ್ಲೇ! ಇನ್ನೊಂದ್ಸಲ ಮುಳುಗಿಸೋಣ.”

ಮೇಣ ಮೆತ್ತಿದ ಉರುಳೆಯನ್ನು ತಗಡಿನ ಮೇಲೆ ಹಗುರಾಗಿ ಉರುಳಿಸಿದರು, ತಗ್ಗಿನ ಗೆರೆಗಳಿಗೆ ಮೇಣ ತಾಗದ ಹಾಗೆ. ರೂಢಿಯ ಕೈ, ಒಂದಿಷ್ಟೂ ತಪ್ಪಲಿಲ್ಲ. ಕೈಗವಸು ತೊಟ್ಟು ತಗಡನ್ನು ಆಸಿಡ್ಡಿನ ತಟ್ಟೆಯ ಮೇಲೆ ಹಿಡಿದರು.

“ಏನೇ ಗುಮ್ಮನಗುಸುಕಿ, ಬಿಡ್ಲಾ?”

ಹೂಂ ಅಂದರೆ ಆ ಬೆಳಕು ಹೋಯಿತು. ಬೇಡ ಅಂದರೆ ಯಾಕೆ ಎಂದು ಕೇಳುತ್ತಾರೆ. ಆ ಉತ್ತರ ಕೇಳಿದ ಮೇಲೆ ನಾಳೆ ಈ ಕೋಣೆಯ ಬಾಗಿಲು ತೆರೆಯುತ್ತಾರೋ ಇಲ್ಲವೋ. ನಾಲಿಗೆಯ ತುದಿಯಲ್ಲಿ ಆ ಹಳೇ ಮಾತು ಸಿದ್ಧವಾಗಿಯೇ ಇತ್ತು. ನಾನು ಹೋಗಿ ಅವರ ಮಣಿಕಟ್ಟು ಹಿಡಿದೆ.

“ಬೇಡ ಅತ್ತೆ. ಕಪ್ಪು ಇದೆ. ನಿಮಗೆ ಕಾಣಿಸ್ತಿಲ್ಲ.”