ಇಲ್ಲದ ಬೆರಳು

ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಒಂದು ಚಾಳಿ. ಶಿಷ್ಯರ ಚಿತ್ರದ ಮುಂದೆ ಸುಮ್ಮನೆ ಕೈಕಟ್ಟಿ ನಿಲ್ಲುವುದು ಅವರಿಂದಾಗದು. "ಕೊಡಿಲ್ಲಿ" ಎಂದು ಕುಂಚ ಕಿತ್ತುಕೊಂಡು ಮೂಗು ನೆಟ್ಟಗೆ ಮಾಡುವರು, ನೆರಳು ತಿದ್ದುವರು. ನಾವದನ್ನು ಭಾಗ್ಯ ಎಂದುಕೊಂಡಿದ್ದೆವು. ನನಗೆ ಬಣ್ಣ ಕಲಸುವುದನ್ನು ಕಲಿಸಿದವರು ಅವರೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಪ್ರದರ್ಶನಕ್ಕೆ ನಾನಿಲ್ಲದ ಹೊತ್ತಿನಲ್ಲಿ ಬಂದು ನಮ್ಮಪ್ಪನ ಕೈಯನ್ನೇ ತಿದ್ದುವುದೆ?

ಅಪ್ಪ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನಿನ ಕೆಲಸ ಮಾಡುತ್ತಿದ್ದರು. ಬಲಗೈಯ ನಡುಬೆರಳನ್ನು ಅದು ಬುಡಸಮೇತ ನುಂಗಿತ್ತು. ಆ ಸಂದಿಯಲ್ಲಿ ನನ್ನ ತೋರುಬೆರಳು ಸಿಕ್ಕಿಸಿಕೊಂಡೇ ನಾನು ಶಾಲೆಗೆ ಹೋಗುತ್ತಿದ್ದದ್ದು. ಫೋಟೋ ತೆಗೆಯುವಾಗ ಮಾತ್ರ ಅಪ್ಪ ಆ ಕೈಯನ್ನು ಜೇಬಿಗೆ ಸೇರಿಸಿಬಿಡುತ್ತಿದ್ದರು. ಹಾಗಾಗಿ ಅವರು ತೀರಿಕೊಂಡ ಮೇಲೆ ಆ ಕೈ ಎಲ್ಲೂ ಉಳಿಯಲಿಲ್ಲ.

"ಮುಖ ಏನೋ ಗೋಡೆ ಮೇಲಿದೆ. ಕೈ ಹೇಗಿತ್ತು ಅಂತ ಮರ್ತೇ ಹೋಗ್ತಿದೆ ಕಣೆ," ಎಂದು ಅಮ್ಮ ಒಂದು ದಿನ ಬಟ್ಟೆ ಮಡಿಸುತ್ತಾ ಅತ್ತುಬಿಟ್ಟಳು.

ಅಂದೇ ಅಪ್ಪನ ಕೈಯ ಚಿತ್ರ ಹಿಡಿದೆ. ಇರುವ ಬೆರಳು ಬರೆಯುವುದು ಯಾವ ಮಹಾ ವಿದ್ಯೆ? ಇಲ್ಲದ್ದನ್ನು ಬರೆಯಬೇಕಲ್ಲ! ಬರೆದೆ, ಕೆರೆದೆ, ಮತ್ತೆ ಬರೆದೆ. ಅಡುಗೆಮನೆಯ ಕಿಟಕಿಗೆ ಕೈಯೊಡ್ಡಿ, ನಡುಬೆರಳು ಮಡಿಸಿ, ಆ ಸಂದಿಯಲ್ಲಿ ಬೆಳಕು ಹೇಗೆ ಇಳಿಯುತ್ತದೆಂದು ನೋಡುತ್ತಾ ನಿಂತೆ. ಬೆನ್ನ ಹಿಂದೆ ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದು ಗೊತ್ತೇ ಆಗಲಿಲ್ಲ. ಕೊನೆಗೊಮ್ಮೆ ಸಂದಿ ಸರಿಬಂತು. ಎಣ್ಣೆಬಣ್ಣವಲ್ಲವೆ, ತಿಂಗಳುಗಟ್ಟಲೆ ಒಣಗಲು ಬಿಟ್ಟೆ. ಅಮ್ಮ ಪ್ರದರ್ಶನದಲ್ಲೇ ನೋಡಲಿ ಎಂದು ಬಾಯಿ ಬಿಡಲಿಲ್ಲ.

ಅಮ್ಮನನ್ನು ಕರೆದುಕೊಂಡು ಹಾಲ್‌ಗೆ ಹೋದಾಗ ಆ ಚಿತ್ರದ ಮುಂದೆ ಜನ ಸೇರಿದ್ದರು. ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು.

"ಇದ್ಯಾರ ಕೈಯೇ?"

ಐದು ಬೆರಳು! ನಟ್ಟನಡುವೆ, ಉಗುರು ಸಮೇತ, ಹಸಿ ಬಣ್ಣದ ಹೊಸ ಬೆರಳೊಂದು ಮಿರಮಿರ ಮಿಂಚುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಗಡಿಬಿಡೀಲಿ ಒಂದು ಬೆರಳೇ ಮರ್ತಿದ್ಯಲ್ಲಮ್ಮ!" ಮೇಷ್ಟ್ರು ನಗುನಗುತ್ತಾ ಬಂದರು. "ಸದ್ಯ, ಜನ ಬರೋಕ್ ಮುಂಚೆ ನಾನು ನೋಡ್ದೆ. ನಿನ್ನ ಮಾನ ಉಳೀತು."

"ಎಷ್ಟು ಜೀವ ತುಂಬಿದೆ! ಅದ್ರಲ್ಲೂ ಆ ನಡುಬೆರಳಲ್ಲಿ," ಎಂದು ಪಕ್ಕದಲ್ಲಿದ್ದ ಮಹಾಶಯರೊಬ್ಬರು ತಲೆದೂಗಿದರು.

"ಐದರ ತನಕ ಎಣಿಸೋಕೆ ನಂಗೂ ಬರುತ್ತೆ ಮೇಷ್ಟ್ರೇ! ಒಂದು ಮಾತು ಕೇಳ್ಬಾರ್ದಾಗಿತ್ತಾ?"

"ಗುರು ತಿದ್ದಿದ್ರೆ ತಪ್ಪೇನಮ್ಮ?"

"ತಪ್ಪೇ! ಅದು ನಮ್ಮಪ್ಪನ ಕೈ. ಮಷೀನು ತಿಂದ ಬೆರಳನ್ನ ವಾಪಸ್ ಕೊಡೋಕೆ ನೀವ್ಯಾರು?"

ಮೇಷ್ಟ್ರ ಮುಖ ಬಾಡಿತು. ಬಾಡಲಿ! ಅವರದೇ ಚೀಲದಿಂದ ಬಣ್ಣ ಕರಗಿಸುವ ಟರ್ಪೆಂಟೈನ್ ಬಾಟಲಿ ಎಳೆದುಕೊಂಡು, ಬಟ್ಟೆ ಅದ್ದಿ, ಆ ಬೆರಳನ್ನು ಒರೆಸತೊಡಗಿದೆ.

"ಅಯ್ಯಯ್ಯೋ, ಅಷ್ಟು ಚೆನ್ನಾಗಿರೋದನ್ನ ಹಾಳು ಮಾಡ್ತಿದಾಳೆ!" ಮಹಾಶಯರು ಕೂಗಿದರು.

ಕೂಗಿಕೊಳ್ಳಲಿ. ಉಗುರು ಹೋಯಿತು, ಗೆಣ್ಣು ಹೋಯಿತು. ಹಸಿ ಬಣ್ಣವೆಲ್ಲ ಬಟ್ಟೆಗೆ ಬಂತು. ಅಡಿಯಲ್ಲಿದ್ದ ನನ್ನ ಒಣ ಬಣ್ಣ ಅಲುಗಲಿಲ್ಲ.

ಅಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಆ ಸಂದಿಯಲ್ಲಿ ತನ್ನ ಬೆರಳಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

"ಈಗ ಬಂದ್ರು ಕಣೆ," ಎಂದಳು.